ಬಾಣ ಸಿಕ್ಕಿಕೊಳ್ಳುವ ಜಾಗ

14 ಜೂನ್ 2025, ಶನಿವಾರ ರಾತ್ರಿ

"ಅಣ್ಣಾ, ಹೊಸ ಮಾನಿಟರ್ ಹಾಕಿದೆ. ಚಿತ್ರ ಚೆನ್ನಾಗೇ ಬರ್ತಿದೆ. ಆದ್ರೆ ಮೌಸ್ ಬಾಣ ಒಂದೊಂದು ಕಡೆ ಆಚೆ ಪರದೆಗೆ ಹೋಗತ್ತೆ, ಒಂದೊಂದು ಕಡೆ ಅಲ್ಲೇ ನಿಂತುಬಿಡತ್ತೆ. ಮೌಸ್ ಹೋಯ್ತಾ?"

ಮೌಸ್ ಸರಿಯಾಗೇ ಇದೆ. ತಂಗಿ ಫೋನ್ ಇಟ್ಟ ಮೇಲೂ ಈ ಪ್ರಶ್ನೆ ತಲೆಯಲ್ಲಿ ಉಳಿಯಿತು. ಎರಡನೇ ಮಾನಿಟರ್ ಹಾಕಿದವರು ಬಹಳ ಜನ ಇಲ್ಲೇ ತಡವರಿಸುತ್ತಾರೆ. ಚಿತ್ರ ಬಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ, ಆಮೇಲೆ ದಿನವಿಡೀ ಈ ಸಣ್ಣ ಕಿರಿಕಿರಿಯನ್ನು ಸಹಿಸಿಕೊಂಡೇ ಇರುತ್ತಾರೆ. ಸಹಿಸಬೇಕಾದ್ದೇ ಇಲ್ಲ.

ಅವಳ ಹಳೆಯದು 24 ಇಂಚು, 1920×1080 ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕಿಗಳು, ಅಡ್ಡಕ್ಕೆ × ಎತ್ತರಕ್ಕೆ). ಹೊಸದು 27 ಇಂಚು, 2560×1440, ಬಲಗಡೆ ಇಟ್ಟಿದ್ದಾಳೆ. ಕಂಪ್ಯೂಟರಿಗೆ ನಮ್ಮ ಮೇಜು ಕಾಣುವುದಿಲ್ಲ. ಪರದೆಗಳನ್ನು ಜೋಡಿಸುವಾಗ ಅದು ಇಂಚು ನೋಡುವುದಿಲ್ಲ, ಪಿಕ್ಸೆಲ್ ಎಣಿಸುತ್ತದೆ. ಒಂದು ದೊಡ್ಡ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಅಂಟಿಸಿದ ಎರಡು ಚೀಟಿ ಅಂತ ಇಟ್ಟುಕೊಳ್ಳಿ: ಒಂದರ ಎತ್ತರ 1080 ಸಾಲು, ಇನ್ನೊಂದರದು 1440. ವಿಂಡೋಸ್ ಸಾಮಾನ್ಯವಾಗಿ ಎರಡರ ಮೇಲಂಚನ್ನೂ ಒಂದೇ ಮಟ್ಟಕ್ಕೆ ಇಡುತ್ತದೆ. ಆಗ ದೊಡ್ಡದರ ಕೆಳಗಿನ 360 ಸಾಲಿನ ಪಕ್ಕದಲ್ಲಿ ಏನೂ ಇರುವುದಿಲ್ಲ. ಅಲ್ಲಿಂದ ಬಾಣವನ್ನು ಎಡಕ್ಕೆ ತಳ್ಳಿದರೆ ಹೋಗಲು ಜಾಗವೇ ಇಲ್ಲ, ನಿಲ್ಲುತ್ತದೆ.

"ಕೆಳಗಡೆ ಹೋದಾಗ ಮಾತ್ರ ಅಲ್ವಾ ನಿಲ್ಲೋದು? ಹೊಸದರಿಂದ ಹಳೇದಕ್ಕೆ ಬರುವಾಗ?"

"ಹೌದಣ್ಣ! ಹಳೇದರಿಂದ ಹೊಸದಕ್ಕೆ ಎಲ್ಲಿಂದ ಬೇಕಾದ್ರೂ ಹೋಗತ್ತೆ."

ಹೋಗಲೇಬೇಕು. ಹಳೆಯದರ 1080 ಸಾಲಿಗೂ ಎದುರಿಗೆ ಹೊಸದರ ಒಂದು ಸಾಲು ಇದ್ದೇ ಇದೆ.

ಸರಿಮಾಡುವುದು ಹೀಗೆ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ಡಿಸ್‌ಪ್ಲೇ ಸೆಟ್ಟಿಂಗ್ಸ್. 1, 2 ಅಂತ ಎರಡು ಚೌಕ ಕಾಣುತ್ತವೆ. ಯಾವುದು ಯಾವುದು ಅಂತ ಗೊತ್ತಾಗದಿದ್ದರೆ ಐಡೆಂಟಿಫೈ ಒತ್ತಿ, ಪರದೆಗಳ ಮೇಲೇ ಅಂಕಿ ಮೂಡುತ್ತದೆ. ಮೇಜಿನ ಮೇಲೆ ಬಲಕ್ಕಿರುವುದು ಇಲ್ಲೂ ಬಲಕ್ಕೇ ಇರಬೇಕು. ಆಮೇಲೆ ಚಿಕ್ಕ ಚೌಕವನ್ನು ಮೌಸಿನಲ್ಲಿ ಹಿಡಿದು ಕೆಳಕ್ಕೆ ಎಳೆದು ಅಪ್ಲೈ ಕೊಡಿ. ಎಷ್ಟು ಎಳೆಯಬೇಕು ಅನ್ನುವುದಕ್ಕೆ ಕಣ್ಣಳತೆ ಸಾಲದು. ನೋಟ್‌ಪ್ಯಾಡ್ ತೆರೆದು ಅರ್ಧ ಈ ಪರದೆಯಲ್ಲಿ, ಅರ್ಧ ಆ ಪರದೆಯಲ್ಲಿ ಬರುವಂತೆ ಇಡಿ. ಅದರ ಮೇಲಂಚು ಎರಡರ ನಡುವೆ ಮೆಟ್ಟಿಲಿನಂತೆ ಮುರಿದಿರುತ್ತದೆ. ಚೌಕ ಸ್ವಲ್ಪ ಸರಿಸಿ, ಅಪ್ಲೈ ಕೊಟ್ಟು, ಮತ್ತೆ ನೋಡಿ. ಗೆರೆ ನೇರವಾಗುವವರೆಗೆ.

ಅವಳು ಮೂರು ಸಲ ಸರಿಸಿದಳು. ನಡುವೆ ನೇರವಾಯಿತು, ಮೇಲೆ ಮತ್ತೆ ಮೆಟ್ಟಿಲು. ಅವಳ ತಪ್ಪಲ್ಲ. 24 ಇಂಚಿನ ಪರದೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.277 ಮಿ.ಮೀ., ಈ 27 ಇಂಚಿನದರಲ್ಲಿ 0.233 ಮಿ.ಮೀ. ಕಣ್ಣಿಗೆ ಕಾಣದ ಈ ವ್ಯತ್ಯಾಸ ಸಾಲು ಸಾಲಿಗೂ ಕೂಡುತ್ತಾ ಹೋಗುತ್ತದೆ. ನಡುಮಧ್ಯೆ ಸರಿ ಮಾಡಿದರೆ, ಹಳೆಯದರ ಮೇಲಿನ ಅಂಚು ತಲುಪುವಷ್ಟರಲ್ಲಿ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚೇ ತಪ್ಪಿರುತ್ತದೆ. ಬೇರೆ ಬೇರೆ ಅಳತೆಯ ಜೋಡಿಯಲ್ಲಿ ಒಂದೇ ಒಂದು ಎತ್ತರದಲ್ಲಿ ಸರಿ ಕೂರಿಸಬಹುದು. ಬಾಣ ಹೆಚ್ಚಾಗಿ ಎಲ್ಲಿ ದಾಟುತ್ತದೋ ಆ ಎತ್ತರ ಆರಿಸಿಕೊಳ್ಳಬೇಕು, ಉಳಿದದ್ದು ಬಿಡಬೇಕು. ವಿಂಡೋಸ್ 11 ಇದ್ದರೆ ಮಲ್ಟಿಪಲ್ ಡಿಸ್‌ಪ್ಲೇಸ್ ಅನ್ನುವಲ್ಲಿ ಬಾಣ ಸರಾಗವಾಗಿ ದಾಟಲು ಒಂದು ಟಿಕ್ ಇದೆ. ಹಾಕಿದರೆ ಆ 360 ಸಾಲಿನ ಗೋಡೆಯೂ ಇಲ್ಲ. ಆದರೂ ಚೌಕ ಸರಿ ಕೂರಿಸಿಯೇ ಅದನ್ನು ಹಾಕಿ ಅಂತ ನಾನು ಹೇಳುವುದು. ಇಲ್ಲದಿದ್ದರೆ ಬಾಣ ದಾಟುತ್ತದೆ, ಆದರೆ ಎಲ್ಲೋ ಹೋಗಿ ಏಳುತ್ತದೆ, ಹುಡುಕಬೇಕು.

ಅಕ್ಷರದ ಗಾತ್ರದ ಮೂಲವೂ ಇದೇ. ಹಳೆಯದರಲ್ಲಿ ಇಂಚಿಗೆ 92 ಪಿಕ್ಸೆಲ್, ಹೊಸದರಲ್ಲಿ 109. ಎರಡೂ 100% ಸ್ಕೇಲಿನಲ್ಲಿದ್ದರೆ ಹೊಸದರ ಅಕ್ಷರ ಚಿಕ್ಕದಾಗಿ ಕಾಣುತ್ತದೆ. ಹೊಸದನ್ನು ಮಾತ್ರ 125% ಮಾಡಬಹುದು. ಆಗ ಕಿಟಕಿಯನ್ನು ಆಚೆಗೆ ಎಳೆದಾಗ ಅರ್ಧ ದಾಟಿದ ಮೇಲೆ ಥಟ್ಟನೆ ಅದರ ಗಾತ್ರ ಬದಲಾಗುತ್ತದೆ, ಹೆದರಬೇಡಿ. ಹಳೆಯ ಪ್ರೋಗ್ರಾಮುಗಳು ಮಸುಕಾಗುವುದೂ ಉಂಟು. ಒಮ್ಮೆ ಸೈನ್ ಔಟ್ ಮಾಡಿ ಒಳಗೆ ಬಂದರೆ ಎಷ್ಟೋ ಸಲ ಸರಿಹೋಗುತ್ತದೆ.

ಚಿತ್ರ ಬರಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತಂತೆ ಅವಳಿಗೆ. ಕೇಳಿ ಬೇಜಾರಾಯಿತು, ಮೊದಲೇ ಹೇಳಬಹುದಿತ್ತು. ಸಿಪಿಯು ಡಬ್ಬದ ಹಿಂದೆ ಯುಎಸ್‌ಬಿ, ಸ್ಪೀಕರ್ ತೂತುಗಳ ಜೊತೆಯಲ್ಲಿರುವ, ಮಾನಿಟರ್ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿನದು. ಅದರ ಕೆಳಗೆ ಬೇರೆಯಾಗಿ ಅಡ್ಡಪಟ್ಟಿಯಲ್ಲಿರುವ ಪೋರ್ಟುಗಳು ಚಿತ್ರ ಮೂಡಿಸಲೆಂದೇ ಇರುವ ಗ್ರಾಫಿಕ್ಸ್ ಕಾರ್ಡಿನವು. ಕಾರ್ಡ್ ಇದ್ದರೆ ಬಹಳಷ್ಟು ಬೋರ್ಡುಗಳು ತಮ್ಮ ಪೋರ್ಟನ್ನು ತಾವೇ ಮುಚ್ಚಿಕೊಳ್ಳುತ್ತವೆ. ಬಯಾಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಸಿಗುವ ಬೋರ್ಡಿನ ಸೆಟ್ಟಿಂಗ್ಸ್) ತೆರೆಯಬಹುದು. ಆದರೆ ಇಂಟೆಲ್ ಪ್ರೊಸೆಸರಿನ ಸಂಖ್ಯೆ ಎಫ್ ಅಕ್ಷರದಲ್ಲಿ ಮುಗಿದಿದ್ದರೆ ಅದರೊಳಗೆ ಚಿತ್ರ ಮೂಡಿಸುವ ಭಾಗವೇ ಇಲ್ಲ, ಏನು ಮಾಡಿದರೂ ಬರದು. ಎರಡು ಮಾನಿಟರನ್ನೂ ಕಾರ್ಡಿಗೇ ಸಿಕ್ಕಿಸುವುದು ಒಳ್ಳೆಯದು.

ಕಾರ್ಡಿನಲ್ಲಿ ಒಂದೇ ಎಚ್‌ಡಿಎಂಐ, ಉಳಿದವು ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಪೋರ್ಟ್ ಇರುವುದು ಹೆಚ್ಚು. ಪರಿವರ್ತಕ ತರುವಾಗ ದಿಕ್ಕು ನೋಡಬೇಕು. ಕಾರ್ಡಿನ ಡಿಸ್‌ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಸಾದಾ ಕೇಬಲ್ ಸಾಕು. ಕಾರ್ಡಿನ ಎಚ್‌ಡಿಎಂಐನಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟಿಗೆ ಆ ಕೇಬಲನ್ನೇ ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ. ಅದಕ್ಕೆ ಯುಎಸ್‌ಬಿಯಿಂದ ಕರೆಂಟ್ ತೆಗೆದುಕೊಳ್ಳುವ ಬೇರೆಯದೇ ಪರಿವರ್ತಕ ಬೇಕು. ಡಿಸ್‌ಪ್ಲೇಪೋರ್ಟ್ ಪ್ಲಗ್ಗಿನ ಮೇಲೆ ಸಣ್ಣ ಗುಂಡಿ ಇದ್ದರೆ ಅದನ್ನು ಒತ್ತಿಯೇ ಹೊರಗೆಳೆಯಿರಿ. ಒಳಗೆ ಎರಡು ಕೊಕ್ಕೆ ಕಚ್ಚಿಕೊಂಡಿರುತ್ತವೆ, ಒತ್ತದೆ ಎಳೆದರೆ ಪೋರ್ಟೇ ಅಲುಗಾಡುತ್ತದೆ.

"ನೋ ಸಿಗ್ನಲ್" ಅಂದರೆ ಮೊದಲು ಮಾನಿಟರಿನ ಗುಂಡಿ ಒತ್ತಿ ಇನ್‌ಪುಟ್ ಯಾವುದಿದೆ ನೋಡಿ. ಎರಡೂ ಕಡೆ ಒಂದೇ ಚಿತ್ರ ಬಂದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಆರಿಸಿ. 4ಕೆ ಪರದೆಯಲ್ಲಿ ಬಾಣ ಎಳೆದೆಳೆದು ಸಾಗುತ್ತಿದ್ದರೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವುದು) ನೋಡಿ. ಎಚ್‌ಡಿಎಂಐ 1.4 ಪೋರ್ಟ್ 4ಕೆಯಲ್ಲಿ 30 ಹರ್ಟ್ಜ್ ಮಾತ್ರ ಕೊಡುತ್ತದೆ, 60 ಬೇಕಾದರೆ 2.0 ಇರಬೇಕು.

ಕುತ್ತಿಗೆಯ ವಿಚಾರ ಹೇಳುವುದನ್ನು ಮರೆತೆ, ನಾಳೆ ಫೋನ್ ಮಾಡಬೇಕು. ಎರಡು ಪರದೆಯ ನಡುವಿನ ಸಂದಿಗೆ ಮುಖ ಮಾಡಿ ಕೂರುವುದು ಎರಡನ್ನೂ ಸಮಸಮ ನೋಡುವವರಿಗೆ ಮಾತ್ರ. ಅವಳ ಕೆಲಸವೆಲ್ಲ ಒಂದರಲ್ಲೇ. ಅದು ಎದೆಗೆ ನೇರವಾಗಿ ಇರಲಿ, ಇನ್ನೊಂದನ್ನು ಬದಿಗೆ ಒಳಮುಖವಾಗಿ ತಿರುಗಿಸಲಿ. ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ದೂರ ಒಂದು ತೋಳಿನಷ್ಟು.

ಕೊನೆಗೆ ಅವಳು ಕೇಳಿದ್ದು: "ಹಳೇದನ್ನ ಉದ್ದಕ್ಕೆ ನಿಲ್ಲಿಸಿದ್ರೆ ಓದೋಕೆ ಚೆನ್ನಾಗಿರತ್ತಾ?" ಸ್ಟ್ಯಾಂಡ್ ತಿರುಗದಿದ್ದರೂ ಹಿಂದೆ 75 ಅಥವಾ 100 ಮಿ.ಮೀ. ಅಂತರದ ನಾಲ್ಕು ತೂತಿದ್ದರೆ ಮಾನಿಟರ್ ಹಿಡಿದುಕೊಳ್ಳುವ ತೋಳು ಹಾಕಿಸಬಹುದು. ಸೆಟ್ಟಿಂಗ್ಸಿನಲ್ಲಿ ಪೋರ್ಟ್ರೇಟ್ ಅಂತ ಆರಿಸಿದರಾಯಿತು. ಆದರೆ ಪ್ರತಿ ಪಿಕ್ಸೆಲ್ಲಿನೊಳಗೆ ಕೆಂಪು, ಹಸಿರು, ನೀಲಿ ಪಟ್ಟಿಗಳು ಪಕ್ಕಪಕ್ಕದಲ್ಲಿವೆ ಅಂತ ನಂಬಿಯೇ ವಿಂಡೋಸ್ ಅಕ್ಷರದ ಅಂಚು ನಯಗೊಳಿಸುವುದು. ಪರದೆಯನ್ನು ಉದ್ದಕ್ಕೆ ನಿಲ್ಲಿಸಿದರೆ ಆ ಪಟ್ಟಿಗಳು ಒಂದರ ಮೇಲೊಂದು ಬರುತ್ತವೆ. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ತಡೆದುಕೊಳ್ಳುತ್ತದೆ. ನಮ್ಮ ಒತ್ತಕ್ಷರ ಮೊದಲೇ ಗೆರೆಯ ಕೆಳಗೆ ಸಣ್ಣಗೆ ಕೂತಿರುತ್ತದೆ, ಇಂಚಿಗೆ 92 ಪಿಕ್ಸೆಲ್ಲಿನಲ್ಲಿ "ಸ್ತ್ರ"ದ ತಕಾರಕ್ಕೆ ಸಿಗುವುದು ನಾಲ್ಕೈದು ಚುಕ್ಕಿ, ಅದರ ಅಂಚಿಗೂ ಬಣ್ಣ ಹತ್ತಿದರೆ ಓದುವುದೇ ಕಷ್ಟ.