ಪೊಲೀಸ್ ಟ್ರೈನಿಂಗಿಗೆ ಬರೋ ಹೊಸಬರಿಗೆ ಕಾನೂನು ಪಾಠ ಮಾಡ್ತಾ ನಾನು ಕಂಡಿದ್ದು

ನಾನು ಪೊಲೀಸ್ ತರಬೇತಿ ಶಾಲೆಯಲ್ಲಿ ಕಾನೂನು ಪಾಠ ಮಾಡ್ತೀನಿ. ಹೊಸದಾಗಿ ಕಾನ್‌ಸ್ಟೇಬಲ್ ಆಗಿ ಸೆಲೆಕ್ಟ್ ಆಗಿ ಬರ್ತಾರಲ್ಲ, ಆ ಪ್ರಶಿಕ್ಷಣಾರ್ಥಿಗಳಿಗೆ ಇನ್‌ಡೋರ್ ಕ್ಲಾಸು. ಬೆಳಿಗ್ಗೆ ಪಿಟಿ, ಪರೇಡು ಎಲ್ಲಾ ಮುಗಿಸಿ ತಿಂಡಿ ತಿಂದು ಬಂದು ಕೂತಿರ್ತಾರೆ, ಫ್ಯಾನ್ ಗಾಳಿ ತಾಗಿದ್ದೇ ತಡ ಕಣ್ಣು ಎಳೀತಿರುತ್ತೆ ಪಾಪ. ಪಿಯುಸಿ ಆಗಿದ್ರೆ ಸಾಕು ಅಂತಿದ್ರೂ ಡಿಗ್ರಿ ಮಾಡಿದೋರೇ ಜಾಸ್ತಿ ಬರೋದು, ಎಂಎ, ಬಿಇ ಮಾಡಿದೋರೂ ಇರ್ತಾರೆ, ಎಷ್ಟೋ ಜನರ ಮನೇಲಿ ಇದೇ ಮೊದಲ ಸರ್ಕಾರಿ ನೌಕರಿ. ಓದೋ ಮಕ್ಕಳೇ, ಅದರಲ್ಲಿ ಅನುಮಾನ ಇಲ್ಲ.

ಮೊದಲನೇ ಕ್ಲಾಸಲ್ಲಿ ನಾನು ಕೇಳೋದು ಒಂದೇ ಪ್ರಶ್ನೆ. ಒಬ್ಬ ಸರಗಳ್ಳ ನಿಮ್ಮ ಕೈಗೆ ಸಿಕ್ಕಿದ, ಮುಂದೇನು? "ಬಾಯಿ ಬಿಡಿಸ್ತೀವಿ ಮೇಡಂ" ಅಂತ ಹಿಂದಿನ ಸಾಲಿಂದ ಬರುತ್ತೆ, ಪ್ರತಿ ಬ್ಯಾಚಲ್ಲೂ ಬರುತ್ತೆ. ಆಮೇಲೆ? "ಜೈಲಿಗೆ ಕಳಿಸ್ತೀವಿ." ಅಷ್ಟೇ, ಕಥೆ ಮುಗೀತು. ಮಧ್ಯೆ ಮ್ಯಾಜಿಸ್ಟ್ರೇಟ್ ಇಲ್ಲ, ಸರ್ಕಾರಿ ವಕೀಲರಿಲ್ಲ, ಆರೋಪಿ ಪರ ವಕೀಲರಿಲ್ಲ, ಸಾಕ್ಷಿಗಳಿಲ್ಲ, ಸರ ಕಳ್ಕೊಂಡ ಆ ತಾಯಿ ಕೂಡ ಇಲ್ಲ. ಹಿಡಿಯೋದೂ ಪೊಲೀಸು, ಶಿಕ್ಷೆ ಕೊಡೋದೂ ಪೊಲೀಸು ಅನ್ನೋ ಚಿತ್ರ ತಲೇಲಿ ಕೂತಿರುತ್ತೆ. ಅವರನ್ನ ದೂರಿ ಪ್ರಯೋಜನ ಇಲ್ಲ, ನಾವೆಲ್ಲಾ ನೋಡಿ ಬೆಳೆದ ಸಿನಿಮಾ ಅದನ್ನೇ ತೋರ್ಸಿರೋದು. ನನ್ನ ಕೆಲಸದ ಮುಕ್ಕಾಲು ಪಾಲು ಈ ಚಿತ್ರ ಅಳಿಸೋದೇ.

ಅದಕ್ಕೇ ನಾನು ಸೆಕ್ಷನ್ ಬಾಯಿಪಾಠದಿಂದ ಶುರು ಮಾಡಲ್ಲ. ಅದು ಬೇಕು, ಪರೀಕ್ಷೆಗೂ ಬೇಕು ಠಾಣೆಗೂ ಬೇಕು, ಅದರಲ್ಲೂ 2024ರ ಜುಲೈ 1ರಿಂದ ಮೂರು ಹೊಸ ಕಾನೂನು ಬಂದಮೇಲೆ ಎಲ್ಲಾ ನಂಬರ್ ಬದಲಾಗಿದೆ. ಊರಿಗೆಲ್ಲಾ ಗೊತ್ತಿರೋ ಐಪಿಸಿ 302 (ಕೊಲೆ) ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 103, 420 (ವಂಚನೆ) ಈಗ 318(4), ಇನ್ನೊಂದು ಕಡೆ ಆ ದಿನಾಂಕಕ್ಕಿಂತ ಮುಂಚೆ ನಡೆದ ಅಪರಾಧಗಳಿಗೆ ಹಳೇ ಐಪಿಸಿನೇ ಅನ್ವಯ ಆಗೋದ್ರಿಂದ ಎರಡೂ ಗೊತ್ತಿರಬೇಕು, ಪಾಪ ಇವರಿಗೆ ಡಬಲ್ ಕೆಲಸ. ಆದ್ರೆ ನಂಬರ್ ಮರೆತ್ರೆ ಪುಸ್ತಕ ತೆಗೆದು ನೋಡಬಹುದು. ಒಂದು ಕೇಸು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೆ, ಅದರಲ್ಲಿ ತಾನು ಯಾವ ಜಾಗದಲ್ಲಿ ನಿಂತಿದೀನಿ ಅನ್ನೋದು ಗೊತ್ತಿಲ್ದಿದ್ರೆ ಪುಸ್ತಕ ಇದ್ರೂ ಪ್ರಯೋಜನ ಇಲ್ಲ.

ಹಾಗಾಗಿ ಸರಗಳ್ಳತನದ ಒಂದು ಕೇಸನ್ನೇ ಹಿಡ್ಕೊಂಡು ಮೊದಲಿಂದ ಕೊನೇವರೆಗೂ ಹೋಗ್ತೀವಿ. ಬೆಳಿಗ್ಗೆ ವಾಕಿಂಗ್ ಹೊರಟ ಅಜ್ಜಿ ಕತ್ತಿಂದ ಬೈಕಲ್ಲಿ ಬಂದೋರು ಸರ ಕಿತ್ಕೊಂಡು ಹೋದ್ರು. ಹಿಂದೆ ಇದಕ್ಕೆ ಐಪಿಸಿಯಲ್ಲಿ ಇಂಥದ್ದೇ ಅಂತ ಪ್ರತ್ಯೇಕ ಹೆಸರಿನ ಕಲಂ ಇರಲಿಲ್ಲ, ಈಗ ನ್ಯಾಯ ಸಂಹಿತೆಯ 304ನೇ ಕಲಂನಲ್ಲಿ ಕಸಿದುಕೊಳ್ಳೋದು ಅಂತಲೇ ಇದೆ, ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಅಜ್ಜಿ ಗಾಬರೀಲಿ ಹತ್ತಿರ ಕಂಡ ಠಾಣೆಗೆ ಬಂದ್ರು, ಆದ್ರೆ ಘಟನೆ ನಡೆದ ಜಾಗ ಪಕ್ಕದ ಠಾಣೆ ಹದ್ದು. ಬಾಗಿಲಲ್ಲಿ ನಿಂತಿರೋ ಸೆಂಟ್ರಿ ನೀವೇ ಅಂದ್ಕೊಳ್ಳಿ, ಏನ್ ಹೇಳ್ತೀರಾ? "ಅಲ್ಲಿಗೆ ಹೋಗಿ ಅಜ್ಜಿ" ಅನ್ನೋ ಉತ್ತರ ಬಂದೇ ಬರುತ್ತೆ. ಹಂಗೆ ಹೇಳೋ ಹಾಗಿಲ್ಲ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದಿದ್ದು) 173ರ ಪ್ರಕಾರ ಎಲ್ಲೇ ನಡೆದಿದ್ರೂ ದೂರು ತಗೋಬೇಕು, ಝೀರೋ ಎಫ್‌ಐಆರ್ ಮಾಡಿ ಆ ಠಾಣೆಗೆ ಕಳಿಸಬೇಕು, ಎಫ್‌ಐಆರ್ ಪ್ರತಿ ದುಡ್ಡಿಲ್ದೆ ಕೊಡಬೇಕು. ಸಂಜ್ಞೇಯ ಅಪರಾಧ (ಪೊಲೀಸರು ವಾರಂಟ್ ಇಲ್ದೆ ಹಿಡಿಯಬಹುದಾದಂಥದ್ದು) ಅಂತ ಮಾಹಿತಿಯಲ್ಲಿ ಕಂಡ್ರೆ ಎಫ್‌ಐಆರ್ ಹಾಕ್ಲೇಬೇಕು ಅಂತ ಲಲಿತಾ ಕುಮಾರಿ ಕೇಸಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಈಗ ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆ ಇರೋ ಕೆಲವು ಪ್ರಕರಣಗಳಲ್ಲಿ ಡಿವೈಎಸ್‌ಪಿ ಅನುಮತಿ ತಗೊಂಡು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡೋಕೆ ಅವಕಾಶ ಇದೆ ನಿಜ, ಆದ್ರೆ ಅದು ಮೇಲಿನವರ ತೀರ್ಮಾನ, ಬಾಗಿಲಲ್ಲಿ ನಿಂತೋರು ಅಜ್ಜಿನ ವಾಪಸ್ ಕಳಿಸೋಕೆ ಅದು ನೆಪ ಆಗಬಾರದು.

ಇಲ್ಲಿ ಒಬ್ಬಳು ಹುಡುಗಿ ಕೇಳಿದ್ದು ನಂಗೆ ತುಂಬಾ ಇಷ್ಟ ಆಯ್ತು. "ಮೇಡಂ, ಎಫ್‌ಐಆರ್ ಹಾಕೋದು ಎಸ್‌ಎಚ್‌ಓ (ಠಾಣಾಧಿಕಾರಿ), ತನಿಖೆ ಮಾಡೋದು ಐಓ (ತನಿಖಾಧಿಕಾರಿ), ವಾದ ಮಾಡೋದು ಎಪಿಪಿ (ಸಹಾಯಕ ಸರ್ಕಾರಿ ವಕೀಲರು), ತೀರ್ಪು ಕೊಡೋದು ಜಡ್ಜು. ಕಾನ್‌ಸ್ಟೇಬಲ್ ಇದರಲ್ಲಿ ಯಾರು?" ಇಡೀ ತರಬೇತಿಗೆ ಇದಕ್ಕಿಂತ ಒಳ್ಳೇ ಪ್ರಶ್ನೆ ಇಲ್ಲ ಅನ್ಸುತ್ತೆ ನಂಗೆ. ಯಾಕಂದ್ರೆ ಸ್ಪಾಟಿಗೆ ಮೊದಲು ಹೋಗೋನು ಅವನೇ, ಜಾಗ ಕಾಯೋನು ಅವನೇ, ಮಾಲು ಹೊತ್ಕೊಂಡು ಹೋಗೋನು ಅವನೇ, ಆರೋಪಿ ಪಕ್ಕ ರಾತ್ರಿಯಿಡೀ ಎದ್ದಿರೋನು ಅವನೇ, ಕೋರ್ಟಿಗೆ ಕರ್ಕೊಂಡು ಹೋಗೋನೂ ಅವನೇ, ವರ್ಷಗಳು ಕಳೆದ ಮೇಲೆ ಸಾಕ್ಷಿ ಕಟಕಟೆಯಲ್ಲಿ ನಿಂತು ಇದೆಲ್ಲಾ ಹೆಂಗಾಯ್ತು ಅಂತ ಹೇಳಬೇಕಾದೋನೂ ಅವನೇ.

ಈಗ ಆ "ಬಾಯಿ ಬಿಡಿಸೋ" ವಿಷಯಕ್ಕೆ ಬರ್ತೀನಿ. ಪೊಲೀಸ್ ಅಧಿಕಾರಿ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿ ವಿರುದ್ಧ ಸಾಬೀತು ಮಾಡೋಕೆ ಬರಲ್ಲ, ಹಳೇ ಸಾಕ್ಷ್ಯ ಕಾಯ್ದೆ 1872ರಿಂದ ಇರೋ ಮಾತು ಇದು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ. ಕ್ಲಾಸಲ್ಲಿ ಇದನ್ನ ಹೇಳಿದಾಗ ಒಂದು ಕ್ಷಣ ಎಲ್ಲರೂ ಬರೆಯೋದು ನಿಲ್ಲಿಸ್ತಾರೆ. "ಹಂಗಾದ್ರೆ ಅವನು ಒಪ್ಕೊಂಡಿದ್ದೂ ವೇಸ್ಟಾ ಮೇಡಂ?" ಅವನು "ನಾನೇ ಕಿತ್ಕೊಂಡೆ" ಅಂದಿದ್ದು ಕೋರ್ಟಲ್ಲಿ ನಡೆಯಲ್ಲ. "ಸರ ಇಂಥ ಅಂಗಡೀಲಿ ಮಾರಿದೀನಿ, ಬನ್ನಿ ತೋರಿಸ್ತೀನಿ" ಅಂತ ಕರ್ಕೊಂಡು ಹೋಗಿ ಅಲ್ಲಿ ಸರ ನಿಜವಾಗ್ಲೂ ಸಿಕ್ರೆ, ಸರ ಸಿಗೋದಕ್ಕೆ ನೇರವಾಗಿ ಸಂಬಂಧಪಟ್ಟ ಆ ಮಾತಷ್ಟೇ ನಡೆಯುತ್ತೆ. ಅಂದ್ರೆ ಕೇಸು ನಿಲ್ಲೋದು ಏಟಿನ ಮೇಲೆ ಅಲ್ಲ, ಸಿಕ್ಕ ಮಾಲಿನ ಮೇಲೆ. ಹೊಡೆಯೋದು ಅಪರಾಧ ಅನ್ನೋದು ಮೊದಲನೇ ಮಾತು, ಅದರಲ್ಲಿ ರಾಜಿ ಇಲ್ಲ. ಹೊಡೆದು ಬರೆಸ್ಕೊಂಡಿದ್ದು ಅಜ್ಜಿಗೂ ನ್ಯಾಯ ಕೊಡಿಸಲ್ಲ ಅನ್ನೋದು ಎರಡನೇದು, ಇದನ್ನ ಅರ್ಥ ಮಾಡಿಸಿದ್ರೆ ಮೊದಲನೇದು ಇನ್ನೂ ಗಟ್ಟಿಯಾಗಿ ಮನಸಲ್ಲಿ ಕೂರುತ್ತೆ.

ಸರ ಸಿಕ್ತು ಅಂದ್ಮೇಲೆ ಜಪ್ತಿ ಮಹಜರು, ಅಂದ್ರೆ ಮಾಲು ವಶಕ್ಕೆ ತಗೊಂಡಿದ್ದನ್ನ ಸಾಕ್ಷಿಗಳ ಮುಂದೆ ಬರೆದಿಡೋ ದಾಖಲೆ. ನಾನು ಅತಿ ಹೆಚ್ಚು ಟೈಮ್ ಕೊಡೋದು ಇದಕ್ಕೇ. ರೋಲ್ಡ್ ಗೋಲ್ಡ್ ಸರ ಒಂದು, ತಕ್ಕಡಿ, ಬಿಳಿ ಬಟ್ಟೆ, ದಾರ, ಅರಗು, ಮೇಣದ ಬತ್ತಿ, ಸೀಲು ಎಲ್ಲಾ ಟೇಬಲ್ ಮೇಲೆ ಇಟ್ಟು ಅವರ ಕೈಯಲ್ಲೇ ಮಾಡಿಸ್ತೀನಿ. ಇಬ್ಬರು ಪಂಚರು, ಅಂದ್ರೆ ಮಹಜರಿನ ಸಾಕ್ಷಿಗಳಾಗ್ತಾರೆ, ಒಬ್ಬ ಬರೀತಾನೆ, ಒಬ್ಬ ಮೊಬೈಲಲ್ಲಿ ವಿಡಿಯೋ ಮಾಡ್ತಾನೆ, ಯಾಕಂದ್ರೆ ಬಿಎನ್‌ಎಸ್‌ಎಸ್ 105ರಲ್ಲಿ ಶೋಧನೆ, ಜಪ್ತಿ ಎಲ್ಲಾ ಆಡಿಯೋ ವಿಡಿಯೋ ರೆಕಾರ್ಡ್ ಆಗಬೇಕು, ಪಟ್ಟಿ ತಯಾರಿಸಿ ಸಾಕ್ಷಿಗಳು ಸಹಿ ಹಾಕೋದೂ ಸೇರಿ, ಮತ್ತೆ ಅದನ್ನ ತಡ ಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಮೊದಲ ಸಲ ಮಾಡುವಾಗ ಯಾವಾಗ್ಲೂ ಆಗೋದು ಏನಂದ್ರೆ ಸರದ ತೂಕ ಬರೆದಿರ್ತಾರೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅನ್ನೋದು ಬರೆದಿರಲ್ಲ. ಅಥವಾ ಸೀಲ್ ಹಾಕಿರ್ತಾರೆ, ಯಾವ ಅಕ್ಷರದ ಸೀಲು ಅಂತ ಮಹಜರಲ್ಲಿ ಇರಲ್ಲ, ಮಾದರಿ ಸೀಲ್ ತೆಗೆದಿರಲ್ಲ. ವಿಡಿಯೋದಲ್ಲಿ ಗೋಡೆ ಗಡಿಯಾರ ಒಂದು ಟೈಮ್ ತೋರಿಸ್ತಿರುತ್ತೆ, ಪೇಪರಲ್ಲಿ ಇನ್ನೊಂದು ಇರುತ್ತೆ.

ಆಮೇಲೆ ಅದೇ ಮಹಜರು ಇಟ್ಕೊಂಡು ಅಣಕು ನ್ಯಾಯಾಲಯ ನಡೆಸ್ತೀವಿ. ಮುಖ್ಯ ವಿಚಾರಣೆಯಲ್ಲಿ ಎಲ್ಲರೂ ಚೆನ್ನಾಗೇ ಹೇಳ್ತಾರೆ, ಪಾಟೀ ಸವಾಲು ಶುರುವಾದಾಗ ತಡಬಡಾಯಿಸೋದು. ಮಹಜರು ಬರೆದ ಜಾಗದಿಂದ ಠಾಣೆ ಎಷ್ಟು ದೂರ? ಯಾವ ಗಾಡೀಲಿ ಹೋದ್ರಿ? ಹೊರಡೋ ಮುಂಚೆ ಠಾಣಾ ದಿನಚರಿಯಲ್ಲಿ ಎಂಟ್ರಿ ಇದೆಯಾ? ಪಂಚರನ್ನ ಕರೆದಿದ್ದು ಯಾರು? ಮಾಲನ್ನ ಆವತ್ತು ರಾತ್ರಿ ಎಲ್ಲಿಟ್ರಿ, ಬೀಗದ ಕೈ ಯಾರ ಹತ್ರ ಇತ್ತು? ಕೊನೇಲಿ "ನೀವು ಸ್ಥಳಕ್ಕೆ ಹೋಗಿಲ್ಲ, ಠಾಣೆಯಲ್ಲೇ ಕೂತು ಬರೆದಿದ್ದೀರಿ ಎಂದರೆ ಸರಿ" ಅಂತ ವಕೀಲರ ಸಲಹೆ ಬರುತ್ತೆ, ಅದಕ್ಕೆ "ಸರಿಯಲ್ಲ" ಅಂತ ಧೈರ್ಯವಾಗಿ ಹೇಳಬೇಕಾದ್ರೆ ದಿನಚರಿ, ಮಹಜರು, ಪಿಎಫ್ (ಜಪ್ತಿ ಮಾಡಿದ ಮಾಲಿನ ವಿವರ ಬರೆಯೋ ನಮೂನೆ) ಮೂರರಲ್ಲೂ ಒಂದೇ ಟೈಮ್ ಇರಬೇಕು. ಒಬ್ಬ ಹುಡುಗ ಪಾಟೀ ಸವಾಲಲ್ಲಿ ಸಿಟ್ಟು ಬಂದು "ಸ್ವಾಮಿ, ಇವರು ಕಳ್ಳನ ಪರ ಮಾತಾಡ್ತಿದಾರೆ" ಅಂತ ಜಡ್ಜ್ ಪಾತ್ರ ಮಾಡ್ತಿದ್ದೋರಿಗೆ ದೂರು ಕೊಟ್ಟ. ನಗು ಬಂತು ಎಲ್ಲರಿಗೂ, ಆದ್ರೆ ನಾನು ಅಲ್ಲೇ ಪಾಠ ನಿಲ್ಲಿಸಿ ಮಾತಾಡಿದೆ. ವಕೀಲರು ಕೇಳೋದು ಅವರ ಕರ್ತವ್ಯ, ಇಷ್ಟದ ವಕೀಲರನ್ನ ಇಟ್ಕೊಳ್ಳೋದು ಸಂವಿಧಾನದ 22ನೇ ವಿಧಿ ಕೊಟ್ಟಿರೋ ಹಕ್ಕು, ನಾಳೆ ನಿಮ್ಮ ತಮ್ಮನ ಮೇಲೆ ಸುಳ್ಳು ಕೇಸ್ ಆದ್ರೆ ನೀವೂ ಅಂಥ ವಕೀಲರನ್ನೇ ಹುಡುಕ್ತೀರಾ. ಆ ಹುಡುಗ ಕೂತ್ಕೊಂಡು ತನ್ನ ಮಹಜರು ಮತ್ತೆ ಓದೋಕೆ ಶುರು ಮಾಡಿದ.

ದಸ್ತಗಿರಿ ಬಗ್ಗೆ ಬರೀತಾ ಹೋದ್ರೆ ಇದು ಮುಗಿಯಲ್ಲ, ಆದ್ರೂ ಠಾಣೆಗೆ ಹೋದ ಮೊದಲ ದಿನದಿಂದಲೇ ಬೇಕಾಗೋದು ಹೇಳ್ಬಿಡ್ತೀನಿ. ಎದೆ ಮೇಲೆ ಹೆಸರಿನ ಪಟ್ಟಿ ಸ್ಪಷ್ಟವಾಗಿ ಕಾಣಬೇಕು. ದಸ್ತಗಿರಿ ಮೆಮೋಗೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಸಹಿ ಹಾಕಬೇಕು. ಯಾಕೆ ಹಿಡಿದಿದೀವಿ ಅಂತ ಅವನಿಗೆ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. 1996ರ ಡಿ.ಕೆ. ಬಸು ತೀರ್ಪಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಇಂಥ ನಿಯಮಗಳೆಷ್ಟೋ ಈಗ ಕಾನೂನಿನ ಒಳಗೇ ಇವೆ. ಏಳು ವರ್ಷದವರೆಗಿನ ಶಿಕ್ಷೆ ಇರೋ ಕೇಸಲ್ಲಿ ದಸ್ತಗಿರಿ ಮಾಡೋದಾದ್ರೆ ಕಾರಣ ಬರೆದಿಡಬೇಕು, ಅವಶ್ಯಕತೆ ಇಲ್ಲದಿದ್ರೆ ಹಾಜರಾಗಿ ಅಂತ ಬಿಎನ್‌ಎಸ್‌ಎಸ್ 35(3)ರ ನೋಟಿಸ್ ಸಾಕು. ಹೆಂಗಸರನ್ನ ಸೂರ್ಯ ಮುಳುಗಿದ ಮೇಲೆ, ಹುಟ್ಟೋ ಮುಂಚೆ ಹಿಡಿಯೋ ಹಾಗಿಲ್ಲ, ತೀರಾ ಅನಿವಾರ್ಯ ಇದ್ರೆ ಮಹಿಳಾ ಅಧಿಕಾರಿನೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ತಗೋಬೇಕು. ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ) ಕೇಸಲ್ಲಿ ಮಗು ಹೇಳಿಕೆ ಬರ್ಕೊಳ್ಳೋ ಅಧಿಕಾರಿ ಯೂನಿಫಾರ್ಮ್ ಹಾಕಿರಬಾರದು ಅಂದಾಗ ಆಗಷ್ಟೇ ಖಾಕಿ ಹೊಲಿಸ್ಕೊಂಡಿರೋ ಮಕ್ಕಳು ಮುಖ ಮುಖ ನೋಡ್ಕೊಳ್ತಾರೆ. ಖಾಕಿ ಕಂಡ್ರೆ ಮಗು ಹೆದರುತ್ತೆ ಅಂತ ಕಾನೂನೇ ಒಪ್ಕೊಂಡಿದೆ ಅನ್ನೋದು ಅವರಿಗೆ ಹೊಸದು.

ಇನ್ನು ಅಜ್ಜಿ. ಕೇಸ್ ಪೇಪರ್ ಜೊತೆ ಓಡ್ತಾ ಓಡ್ತಾ ಎಲ್ಲರೂ ಮರೆಯೋದು ಅವರನ್ನೇ. 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ಅವರಿಗೆ ತಿಳಿಸಬೇಕು ಅಂತ ಬಿಎನ್‌ಎಸ್‌ಎಸ್ 193ನೇ ಕಲಂನಲ್ಲೇ ಇದೆ, ಫೋನಲ್ಲಿ ಮೆಸೇಜ್ ಮಾಡಿದ್ರೂ ನಡೆಯುತ್ತೆ. ಸರ ಕೋರ್ಟಿಗೆ ಹಾಜರಾದ ಮೇಲೆ 14 ದಿನದಲ್ಲಿ ಅದರ ವಿವರ ಪಟ್ಟಿ ಆಗಿ, ಫೋಟೋ ವಿಡಿಯೋ ತೆಗೆದಿಟ್ಟು, ಆಮೇಲೆ 30 ದಿನದೊಳಗೆ ಅದನ್ನ ಯಾರಿಗೆ ಕೊಡಬೇಕು ಅಂತ ಆದೇಶ ಆಗಬೇಕು ಅಂತ ಅದೇ ಕಾನೂನಿನ 497ನೇ ಕಲಂ ಹೇಳುತ್ತೆ. ಕೇಸು ಮುಗಿಯೋವರೆಗೂ ಅದು ಖಜಾನೆಯಲ್ಲಿ ಧೂಳು ತಿನ್ನಬೇಕಿಲ್ಲ. ಇದನ್ನ ಆ ಅಜ್ಜಿಗೆ ಯಾರು ಹೇಳ್ತಾರೆ? ವಕೀಲರನ್ನ ಇಟ್ಕೊಳ್ಳೋ ಶಕ್ತಿ ಇಲ್ಲದೋರಿಗೆ ಠಾಣೆಯ ಕಾನ್‌ಸ್ಟೇಬಲ್ಲೇ ಹೇಳಬೇಕು, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ದಾರಿ ತೋರಿಸಬೇಕು.

ಈ ವರ್ಷ ಯಾರಾದ್ರೂ ಸೆಲೆಕ್ಟ್ ಆಗಿ ಟ್ರೈನಿಂಗ್ ಆರ್ಡರಿಗೆ ಕಾಯ್ತಾ ಇದ್ರೆ ಗೈಡ್ ಪುಸ್ತಕ ಸ್ವಲ್ಪ ಪಕ್ಕಕ್ಕಿಡಿ. ನಿಮ್ಮ ತಾಲ್ಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ವಿಚಾರಣೆ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತೆ, ಫೋನ್ ಸೈಲೆಂಟ್ ಮಾಡಿ ಸುಮ್ನೆ ಕೇಳಿಸ್ಕೊಳ್ಳಿ. ಪೊಲೀಸ್ ಸಾಕ್ಷಿ ಕಟಕಟೆಗೆ ಬಂದಾಗ ಅವರಿಗೆ ಏನ್ ಕೇಳ್ತಾರೆ, ಅವರು ಯಾವ ಪೇಪರ್ ನೋಡಿ ಉತ್ತರ ಹೇಳ್ತಾರೆ ಅಂತ ಬರ್ಕೊಂಡು ಬನ್ನಿ. ಆ ನೋಟ್ಸ್ ತಗೊಂಡು ಕ್ಲಾಸಿಗೆ ಬಂದ್ರೆ ಮೊದಲ ದಿನವೇ ಕೇಳೋಕೆ ನಿಮ್ಮ ಹತ್ರ ಪ್ರಶ್ನೆಗಳಿರುತ್ತೆ.