ಗೇಟಿನ ಬಳಿ ವ್ಯಕ್ತಿ ಕಾಣಿಸಿದ್ದಾರೆ

ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆಯ ಬಡಾವಣೆಯೊಂದರ ಕೊನೇ ಮನೆ ನಮ್ಮ ಸೋದರಮಾವನದು. ಎದುರಿಗೆ ಖಾಲಿ ಸೈಟು, ಆಮೇಲೆ ಬರೀ ಬಂಡೆ, ಕುರುಚಲು ಕಾಡು. ಕಳ್ಳರ ಭಯಕ್ಕೆ ಗೇಟಿಗೆ ಕ್ಯಾಮೆರಾ ಹಾಕಿಸಿದರು. ಮಾವನಿಗೆ ಆ್ಯಪ್ ಅಂದರೆ ತಲೆನೋವು, ಅದಕ್ಕೇ ದಾವಣಗೆರೆಯಲ್ಲಿರುವ ನನ್ನ ಮೊಬೈಲಿಗೂ ಅದನ್ನು ಜೋಡಿಸಿದರು. ಹೆಚ್ಚುಕಮ್ಮಿ 60 ಕಿಲೋಮೀಟರ್ ಆಚೆಯ, ಸಂಬಳ ಇಲ್ಲದ ವಾಚ್‌ಮನ್ ನಾನು.

ಸೀತಾಫಲದ ಕಾಲ. ರಾತ್ರಿ ಎರಡೂಮುಕ್ಕಾಲಿಗೆ ಮೊಬೈಲು ಟಿಂಗ್ ಅಂದಿತು. ‘ಗೇಟಿನ ಬಳಿ ವ್ಯಕ್ತಿ ಕಾಣಿಸಿದ್ದಾರೆ.’ ನೋಡಿದರೆ ಕಂಬಳಿ ಹೊದ್ದವನೊಬ್ಬ ಎದುರು ಸೈಟಿನಲ್ಲಿ ಬಗ್ಗಿಕೊಂಡು ನೆಲ ಅಗೆಯುತ್ತಿದ್ದ. ಕೋಟೆ ಊರಿನವರ ತಲೆಗೆ ಮೊದಲು ಬರುವುದೇ ನಿಧಿಗಳ್ಳರು, ಅಲ್ವಾ? ಅತ್ತೆಗೆ ಫೋನ್ ಮಾಡಿದೆ. ಅತ್ತೆ ಧೈರ್ಯಸ್ಥೆ, ಜೊತೆಗೆ ಆ ಕ್ಯಾಮೆರಾದಲ್ಲಿ ಮೈಕ್, ಸ್ಪೀಕರ್ ಬೇರೆ ಇವೆ. ಹಾಸಿಗೆಯಲ್ಲಿ ಕೂತೇ ಮೊಬೈಲಿನಲ್ಲಿ ಗುಂಡಿ ಒತ್ತಿ ಕೂಗಿದರು: “ಯಾವನಲೇ ಅಲ್ಲಿ? ಪೊಲೀಸ್ರನ್ನ ಕರೀಲಾ?”

ಅವನು ಎದ್ದು ನಿಂತ. ಉದ್ದ ಮೂತಿ, ಎದೆ ಮೇಲೆ ಬಿಳೀ ಪಟ್ಟೆ.

ಕರಡಿ!

ಕ್ಯಾಮೆರಾ ಕಡೆಗೆ ಮೂತಿ ಎತ್ತಿ ಒಂದು ಸಲ ಮೂಸಿತು. ಅದಕ್ಕೆ ಕಣ್ಣು ಮಂದ, ಮೂಗೇ ಎಲ್ಲ. ವಾಸನೆಯಿಲ್ಲದ ಈ ಹೆಂಗಸು ಎಲ್ಲಿದ್ದಾಳೆ ಅಂತ ಗೊತ್ತಾಗಲಿಲ್ಲವೋ ಏನೋ, ಮತ್ತೆ ಬಗ್ಗಿ ಕೆಲಸ ಶುರುಮಾಡಿತು. ಮಣ್ಣು ಹೋಗದ ಹಾಗೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ಮೇಲಿನ ಸಾಲಿನಲ್ಲಿ ಎರಡು ಹಲ್ಲಿಲ್ಲದ ಆ ಸಂದಿಯಿಂದ ಗೆದ್ದಲನ್ನು ಸೊರ್ರನೆ ಎಳೆದುಕೊಳ್ಳುತ್ತದೆ. ದಾವಣಗೆರೆಯ ನನ್ನ ಕೋಣೆಗೂ ಕೇಳಿಸಿತು, ಎಳನೀರಿನ ತಳದಲ್ಲಿ ಸ್ಟ್ರಾ ಎಳೆದಂಥ ಸದ್ದು.

ಅತ್ತೆಗೆ ಆಮೇಲೆ ಹೊಳೆಯಿತು. “ಅಯ್ಯೋ, ಅದು ನಾನು ಪಂಚಮಿಗೆ ಹಾಲೆರೆಯೋ ಹುತ್ತ ಕಣೋ!” ಕರಡಿಯ ಭಯಕ್ಕಿಂತ ಆ ಸಿಟ್ಟೇ ಜಾಸ್ತಿಯಾಗಿ ಇನ್ನೊಂದು ಸಲ ಗುಂಡಿ ಒತ್ತಿ, ಇಲ್ಲಿ ಬರೆಯಲಾಗದ ಮಾತುಗಳಲ್ಲಿ ಬೈದರು. ಮಾವ ಮಾತ್ರ ಪಕ್ಕದಲ್ಲೇ ಗೊರಕೆ.

ಬೆಳಿಗ್ಗೆ ಅರಣ್ಯ ಇಲಾಖೆಯವರು ಬಂದು ಹೆಜ್ಜೆ ನೋಡಿ, ಸೀತಾಫಲದ ಸಿಪ್ಪೆ ಹೊರಗೆ ಎಸೆಯಬೇಡಿ, ಕತ್ತಲಾದ ಮೇಲೆ ಒಬ್ಬೊಬ್ಬರೇ ಓಡಾಡಬೇಡಿ ಅಂತ ಹೇಳಿ ಹೋದರು. ಮಾವನಿಗೆ ಆ ವಿಡಿಯೋ ಅಂದರೆ ಈಗ ಮನೆಗೆ ಬಂದವರಿಗೆಲ್ಲ ತೋರಿಸುವ ಮದುವೆ ಆಲ್ಬಮ್.

ಅತ್ತೆಯದು ಬೇರೆಯೇ ತಕರಾರು. “ನಿಮ್ಮಾವ ರಾತ್ರಿ ಬಂದ್ರೂ ಅದು ‘ವ್ಯಕ್ತಿ’ ಅನ್ನುತ್ತೆ, ಕರಡಿ ಬಂದ್ರೂ ‘ವ್ಯಕ್ತಿ’ ಅನ್ನುತ್ತೆ. ಗೇಟು ತೆಗೀಬೇಕೋ ಬೇಡವೋ, ಹೇಗಪ್ಪಾ ಗೊತ್ತಾಗೋದು?”