ಬೇಸಿಗೆಯ ಭೀಮೆಯಲ್ಲಿ ತೆಪ್ಪದ ದಾರಿ

ಭೀಮಾ ನದಿ ನೋಡಲು ಜನ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗುತ್ತಾರೆ. ಆಗ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಿರುತ್ತಾರೆ, ಹೊಳೆ ದಂಡೆ ತುಂಬಿ ಹರಿಯುತ್ತಿರುತ್ತದೆ. ನಾನು ಮೇ ತಿಂಗಳಲ್ಲಿ ಹೋದೆ. ಬೇಕಂತಲೇ ಹೋದೆ. ನೀರು ಇಳಿದ ಹೊಳೆಯಲ್ಲಿ ತೆಪ್ಪ ಹೇಗೆ ನಡೆಸುತ್ತಾರೆ ಅನ್ನುವುದನ್ನು ಅದರಲ್ಲೇ ಕೂತು ನೋಡುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಹೋಗಿದ್ದು ಸನ್ನತಿಗೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಊರು ಅದು. ಹೊಳೆಯ ಆಚೆ ದಂಡೆ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು. ರೈಲಿನಲ್ಲಿ ಬರುವವರು ನಾಲವಾರದಲ್ಲಿ ಇಳಿಯಬೇಕು. ನಾನು ಮತ್ತು ಗೆಳೆಯ ಕಲಬುರಗಿಯಿಂದ ಕಾರಿನಲ್ಲೇ ಹೋದೆವು. ದಾರಿಯುದ್ದಕ್ಕೂ ತೊಗರಿ ಕಟಾವಾದ ಹೊಲಗಳು, ಬಿರುಕು ಬಿಟ್ಟ ಕರಿ ಮಣ್ಣು, ಪರ್ಸಿ ಕಲ್ಲಿನ ಗೋಡೆಗಳು.

ಮೊದಲ ದಿನ ಸಂಜೆ ಚಂದ್ರಲಾಂಬೆಯ ದರ್ಶನ ಮಾಡಿದೆವು. 1986ರಲ್ಲಿ ಇದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗಲೇ ಅಶೋಕನ ಶಾಸನ ಸಿಕ್ಕಿದ್ದು. ಶಾಸನದ ಕಲ್ಲನ್ನು ಯಾವುದೋ ಕಾಲದಲ್ಲಿ ದೇವಿಯ ಪೀಠ ಮಾಡಿದ್ದರು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪವೇ ಇದೆ, ‘ರಾಯ ಅಸೋಕ’ ಎಂದು ಬ್ರಾಹ್ಮಿ ಲಿಪಿಯಲ್ಲಿ ಅದರ ಮೇಲೆ ಹೆಸರು ಕೆತ್ತಿದ್ದಾರೆ. ಆ ಶಿಲ್ಪಗಳೆಲ್ಲ ಈ ಭಾಗದ ಸುಣ್ಣಕಲ್ಲಿನವು. ಆ ಕಲ್ಲನ್ನು ಮರುದಿನ ಹೊಳೆಯಲ್ಲಿ ಬೇರೆ ರೀತಿಯಲ್ಲಿ ನೋಡಿದೆವು.

ಬೆಳಿಗ್ಗೆ ಬಿಸಿಲು ಏರುವ ಮೊದಲೇ ಹೊಳೆ ದಂಡೆಗೆ ಬಂದೆವು. ನಮ್ಮನ್ನು ಕರೆದುಕೊಂಡು ಹೋಗಲು ಒಪ್ಪಿದ್ದವರು ಊರಿನ ಹಿರಿಯ ಅಂಬಿಗರು. ಎಲ್ಲರೂ ಅವರನ್ನು ಮುತ್ಯಾ ಎಂದೇ ಕರೆಯುತ್ತಾರೆ, ನಾವೂ ಹಾಗೇ ಕರೆದೆವು. ಅವರ ತೆಪ್ಪ ಬಿದಿರಿನ ದುಂಡನೆಯ ಹೆಣಿಗೆ. ಹೊರಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿದಿದ್ದರು. ಹಿಂದೆ ಇದಕ್ಕೆ ಚರ್ಮ ಹೊದಿಸುತ್ತಿದ್ದರಂತೆ. ತಳ ಚಪ್ಪಟೆ. ಮೂರು ಜನ ಕೂತರೂ ಅದು ನೀರಿಗೆ ಇಳಿಯುವುದು ಗೇಣಿಗಿಂತ ಕಡಿಮೆ. ಮೋಟಾರು ದೋಣಿಯಾದರೆ ಇಂಥ ನೀರಿನಲ್ಲಿ ಫ್ಯಾನು ಮುರಿದುಕೊಂಡು ನಿಂತುಬಿಡುತ್ತದೆ.

ಭೀಮೆಯ ಈ ಭಾಗವನ್ನು ನದಿ ಅನ್ನುವುದಕ್ಕಿಂತ ಬ್ಯಾರೇಜುಗಳ ಸಾಲು ಅನ್ನಬಹುದು. ಮೇಲೆ ಸೊನ್ನ, ಸರಡಗಿ. ಇಲ್ಲಿ ಸನ್ನತಿ. ಕೆಳಗೆ ಯಾದಗಿರಿ ಕಡೆ ಗುರುಸಣಗಿ, ಜೋಳದಡಗಿ. ಮಳೆಗಾಲದಲ್ಲಿ ಗೇಟು ಎತ್ತಿ ನೀರು ಬಿಡುತ್ತಾರೆ, ಮಳೆ ಮುಗಿದ ಮೇಲೆ ಗೇಟು ಇಳಿಸಿ ನಿಲ್ಲಿಸಿಕೊಳ್ಳುತ್ತಾರೆ. ನಿಂತ ನೀರನ್ನು ಬೇಸಿಗೆಯುದ್ದಕ್ಕೂ ಪಂಪುಗಳು ಎಳೆಯುತ್ತವೆ, ಬಿಸಿಲೂ ಎಳೆಯುತ್ತದೆ. ಹೀಗಾಗಿ ಮೇ ಹೊತ್ತಿಗೆ ಬ್ಯಾರೇಜಿನ ಹತ್ತಿರ ಆಳ ಇರುತ್ತದೆ, ಮೇಲಕ್ಕೆ ಹೋದ ಹಾಗೆ ತಳ ಕಾಣತೊಡಗುತ್ತದೆ. ನಾವು ಹೊರಟಿದ್ದು ಮೇಲಕ್ಕೆ.

ಆಳದ ನೀರಿನಲ್ಲಿ ಮುತ್ಯಾ ಹುಟ್ಟು ಹಾಕುತ್ತಿದ್ದರು. ತೆಪ್ಪದಲ್ಲಿ ಹುಟ್ಟನ್ನು ಮುಂದೆ ಹಾಕಿ ನೀರನ್ನು ತಮ್ಮ ಕಡೆಗೆ ಎಳೆಯಬೇಕು, ಇಲ್ಲದಿದ್ದರೆ ದುಂಡನೆಯ ತೆಪ್ಪ ಸುಮ್ನೆ ತಿರುಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಹುಟ್ಟನ್ನು ಒಳಗಿಟ್ಟು ಉದ್ದನೆಯ ಬಿದಿರು ಕೋಲು ತೆಗೆದುಕೊಂಡರು. ಅಲ್ಲಿಂದ ಮುಂದೆ ಕೋಲೇ ಎಲ್ಲ. ನೆಲಕ್ಕೆ ಊರಿ ನೂಕುವುದೂ ಅದೇ, ಆಳ ಅಳೆಯುವುದೂ ಅದೇ. ಕೋಲು ಊರಿದಾಗ ಬರುವ ಸದ್ದಿನಲ್ಲೇ ತಳ ಗೊತ್ತಾಗುತ್ತದೆ. ಕಲ್ಲಾದರೆ ಟಣ್ ಎನ್ನುತ್ತದೆ. ಉಸುಕಾದರೆ ಕರಕರ ಎಂದು ಒಳಗೆ ಇಳಿಯುತ್ತದೆ. ರಾಡಿಯಾದರೆ ಸದ್ದೇ ಇಲ್ಲ, ಕೋಲು ಕೀಳಲು ತೋಳಿನ ಬಲವೆಲ್ಲ ಬೇಕು.

ನನ್ನ ಕಣ್ಣು ಪದೇ ಪದೇ ದೂರದ ದಂಡೆಯ ಕಡೆ ಹೋಗುತ್ತಿತ್ತು. ಮುತ್ಯಾ ಹೇಳಿದರು:

“ಅಲ್ಲೆಲ್ಲಿ ನೋಡ್ತಿ ತಮ್ಮಾ? ಮುಂದಿನ ನೀರಿನ ಬಣ್ಣ ನೋಡು. ಕರ್ರಗ ಅದ ಅಂದ್ರ ಮಡು. ಕೆಂಪಗ ಕಾಣ್ತದ ಅಂದ್ರ ಉಸುಕು ಮ್ಯಾಲ ಬಂದದ.”

ಆಮೇಲೆ ನಾನೂ ಅದನ್ನೇ ನೋಡುತ್ತಾ ಕೂತೆ. ಹೊಳೆ ತಿರುಗುವ ಕಡೆ ಹೊರ ಮಗ್ಗುಲಲ್ಲಿ ಆಳ, ಒಳ ಮಗ್ಗುಲಲ್ಲಿ ಉಸುಕಿನ ದಿಬ್ಬ. ಸೆಳವು ಹೊರಗಿನ ದಂಡೆಯನ್ನು ಕೊರೆದು, ಅಲ್ಲಿಂದ ತಂದ ಉಸುಕನ್ನು ಒಳಗಿನ ದಂಡೆಗೆ ಹಾಕುವುದರಿಂದ ಹೀಗಾಗುತ್ತದೆ. ಹಾಗಾಗಿ ನೇರ ದಾರಿ ಹತ್ತಿರ ಕಂಡರೂ ತೆಪ್ಪ ಹೊರ ದಂಡೆಗೆ ಅಂಟಿಕೊಂಡು ಸುತ್ತಿ ಹೋಗಬೇಕು. ನೀರಿನ ಮೇಲೆ ಒಂದೇ ಜಾಗದಲ್ಲಿ ಸಣ್ಣ ಸುಕ್ಕು ನಿಂತಿದ್ದರೆ ಕೆಳಗೆ ಕಲ್ಲಿದೆ ಅಂತ ಅರ್ಥ. ಗಾಳಿಯ ಸುಕ್ಕು ಸರಿಯುತ್ತದೆ, ಕಲ್ಲಿನ ಸುಕ್ಕು ಸರಿಯುವುದಿಲ್ಲ. ಇಷ್ಟು ಸರಳವಾದ ವಿಷಯ, ಅಲ್ವಾ? ಆದರೆ ಬಿಸಿಲು ನೀರಿನ ಮೇಲೆ ಹೊಳೆಯುವಾಗ ಅದನ್ನು ಗುರುತಿಸಲು ಎಂಥ ಕಣ್ಣು ಬೇಕು ಅನ್ನುವುದು ಪಕ್ಕದಲ್ಲಿ ಕೂತವರಿಗೇ ಗೊತ್ತು.

ಒಂದು ಕಡೆ ಕಲ್ಲಿನ ಹಾಸು ಅಡ್ಡ ಬಂತು. ಶಹಾಬಾದ್ ಕಲ್ಲು ಎಂದು ಊರೂರಿಗೆ ಲಾರಿಯಲ್ಲಿ ಹೋಗುತ್ತದಲ್ಲ, ಅದೇ ಜಾತಿಯ ಸುಣ್ಣಕಲ್ಲು. ಬುಟ್ಟಿಯಲ್ಲಿ ರೊಟ್ಟಿ ಪೇರಿಸಿಟ್ಟ ಹಾಗೆ ಪದರದ ಮೇಲೆ ಪದರ. ಅಂಚುಗಳು ಚೂಪು. ಅದರ ಮೇಲೆ ಹರಿಯುತ್ತಿದ್ದ ನೀರು ಪಾದ ಮುಳುಗುವಷ್ಟೂ ಇರಲಿಲ್ಲ. “ಇಳೀರಿ, ಚಪ್ಪಲ್ ಬಿಡಬ್ಯಾಡ್ರಿ” ಎಂದರು ಮುತ್ಯಾ. ಪಾಚಿಗೆ ಕಾಲು ಜಾರುತ್ತದೆ, ಒಡೆದ ಬಾಟಲಿ ಚೂರುಗಳೂ ಇರುತ್ತವೆ. ತೆಪ್ಪವನ್ನು ಕಲ್ಲಿನ ಮೇಲೆ ಎಳೆಯುವಂತಿಲ್ಲ, ಹಾಳೆ ಹರಿಯುತ್ತದೆ. ಮೂವರೂ ಎತ್ತಿಕೊಂಡು ದಾಟಿದೆವು. ಆದರೂ ಒಂದು ಕಡೆ ಸಣ್ಣದಾಗಿ ಹರಿದಿತ್ತು. ಮುತ್ಯಾ ಡಬ್ಬಿಯಿಂದ ಡಾಂಬರು ತೆಗೆದು, ಬಿಸಿಲಿಗೆ ಕಾದ ಕಲ್ಲಿನ ಮೇಲಿಟ್ಟು ಮೆತ್ತಗೆ ಮಾಡಿ, ಬಟ್ಟೆ ತುಂಡು ಹಚ್ಚಿ ಮುಚ್ಚಿದರು.

ಅಲ್ಲಿಂದ ಮುಂದೆ ಪಂಪುಸೆಟ್ಟಿನ ಪೈಪುಗಳು ಶುರುವಾದವು. ನೀರು ಇಳಿದ ಹಾಗೆ ರೈತರು ಪೈಪನ್ನು ನಡು ಹೊಳೆಯತ್ತ ಚಾಚುತ್ತಾ ಬಂದಿರುತ್ತಾರೆ. ಕೆಲವು ನೀರಿನ ಮೇಲೆ ಕಾಣುತ್ತವೆ, ಕೆಲವು ಗೇಣುದ್ದ ಕೆಳಗೆ ಅಡಗಿರುತ್ತವೆ. ಮುತ್ಯಾ ಪ್ರತಿಯೊಂದನ್ನೂ ನಿಧಾನವಾಗಿ ಕೋಲಿನಿಂದ ಒತ್ತಿ, ತೆಪ್ಪ ದಾಟಿಸಿ, ಮತ್ತೆ ಮೊದಲಿನ ಹಾಗೇ ಬಿಟ್ಟರು. ಒಂದು ಪೈಪು ಕಿತ್ತುಹೋದರೆ ಯಾರದೋ ಬೆಳೆ ಒಣಗುತ್ತದೆ. ಆ ಜಾಗ್ರತೆ ನನಗೆ ಬಹಳ ಇಷ್ಟವಾಯಿತು.

ಹುಣಸೆ ಮರದ ನೆರಳಿನಲ್ಲಿ ಊಟ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಉಳ್ಳಾಗಡ್ಡಿ. ಎದುರಿನ ತೆಳು ನೀರಿನಲ್ಲಿ ಬೆಳ್ಳಕ್ಕಿಗಳು ಮೀನು ಹಿಡಿಯುತ್ತಿದ್ದವು. ಮೊಸಳೆ ಇದೆಯಾ ಎಂದು ಗೆಳೆಯ ಕೇಳಿದ. ನೀರು ಕಮ್ಮಿಯಾದಾಗ ಅವು ಮಡುಗಳಲ್ಲಿ ಸೇರುತ್ತವೆ, ಅದಕ್ಕೇ ಮಡುವಿನ ದಂಡೆಯಲ್ಲಿ ತೆಪ್ಪ ನಿಲ್ಲಿಸುವುದಿಲ್ಲ ಎಂದರು ಮುತ್ಯಾ. ಆದರೆ ಅವರಿಗೆ ಮೊಸಳೆಗಿಂತ ಭಯ ಇರುವುದು ಗುಂಡಿಗಳದ್ದು.

ಉಸುಕು ತೆಗೆದ ಗುಂಡಿಗಳು. ಊಟದ ನಂತರ ನಾವು ದಾಟಿದ ಜಾಗವೊಂದರಲ್ಲಿ ಮೊಳಕಾಲುದ್ದ ನೀರು ಇತ್ತು. ಮುತ್ಯಾ ಕೋಲನ್ನು ಒಂದು ಮಾರು ಪಕ್ಕಕ್ಕೆ ಊರಿದರು. ಕೋಲು ಪೂರ್ತಿ ಮುಳುಗಿತು, ಅವರ ಕೈ ನೀರಿಗೆ ತಾಗಿತು, ತಳ ಸಿಗಲಿಲ್ಲ. ಮೇಲೆ ನೀರಿನ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ, ಅಷ್ಟು ರಾಡಿಯಾಗಿತ್ತು.

“ಮೊದಲ ಗುಂಡಿ ಹೊಳೀನ ಮಾಡ್ತಿತ್ತು. ಎಲ್ಲಿ ಮಾಡ್ತದ ಅಂತ ನಮಗ ಗೊತ್ತಿರ್ತಿತ್ತು. ಈಗ ಮಂದಿ ಮಾಡ್ತಾರ. ಯಾವಾಗ ಎಲ್ಲಿ ಮಾಡ್ಯಾರ, ಯಾರಿಗೂ ಗೊತ್ತಾಗಂಗಿಲ್ಲ.”

ಅಲ್ಲಿಯವರೆಗೆ ಅವರು ಓದಿಕೊಂಡು ಬಂದ ಗುರುತುಗಳೆಲ್ಲ ಹೊಳೆಯೇ ಬರೆದವು. ತಿರುವು, ಸುಕ್ಕು, ಬಣ್ಣ. 2020ರ ಅಕ್ಟೋಬರಿನ ಮಹಾಪೂರದಲ್ಲಿ ಎಷ್ಟೋ ದಿಬ್ಬಗಳು ಜಾಗ ಬದಲಿಸಿದರೂ, ನೀರು ಇಳಿದ ಮೇಲೆ ಹೊಸ ದಾರಿಯನ್ನು ಅವರು ಹುಡುಕಿಕೊಂಡಿದ್ದರು. ಏಕೆಂದರೆ ಹೊಳೆ ತನ್ನ ನಿಯಮ ಬಿಟ್ಟಿರಲಿಲ್ಲ. ಯಂತ್ರ ತೋಡಿದ ಗುಂಡಿಗೆ ಯಾವ ನಿಯಮವೂ ಇಲ್ಲ. ದನ ಕಾಯುವ ಹುಡುಗರು ಮೊಳಕಾಲುದ್ದ ನೀರು ಅಂದುಕೊಂಡು ಇಳಿಯುತ್ತಾರೆ, ಮುಂದಿನ ಹೆಜ್ಜೆಗೆ ನೆಲ ಇರುವುದಿಲ್ಲ. ಬೇಸಿಗೆ ರಜೆಯಲ್ಲಿ ಇಂಥ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಓದಿ ಪುಟ ತಿರುಗಿಸುವಷ್ಟು ಸಣ್ಣ ವಿಷಯ ಅಲ್ಲ ಅದು.

ತೆಪ್ಪದಲ್ಲಿ ಒಂದಷ್ಟು ಗಿಡ್ಡ ಬಿದಿರು ಗಳಗಳು, ಹಳೆಯ ಕೆಂಪು ಸೀರೆಯ ಚೂರುಗಳು ಇದ್ದವು. ಏಕೆ ಎಂದು ಬೆಳಿಗ್ಗೆ ಕೇಳಿರಲಿಲ್ಲ. ಮುತ್ಯಾ ಗುಂಡಿಯ ಅಂಚನ್ನು ಕೋಲಿನಿಂದ ತಡವಿ ಹುಡುಕಿದರು. ಗಟ್ಟಿ ನೆಲ ಸಿಕ್ಕ ಕಡೆಗಳಲ್ಲಿ ನಾವು ಗಳ ಹಿಡಿದುಕೊಂಡೆವು, ಅವರು ಕಲ್ಲಿನಿಂದ ಬಡಿದು ನೆಟ್ಟರು. ತುದಿಗೆ ಕೆಂಪು ಬಟ್ಟೆ ಕಟ್ಟಿದರು. ವಾಪಸು ಬರುವಾಗ ನೋಡಿದರೆ, ಅವರೇ ಹಿಂದೆ ನೆಟ್ಟ ಗಳಗಳು ಅಲ್ಲಲ್ಲಿ ಕಂಡವು. ಕೆಂಪು ಬಟ್ಟೆ ಕಂಡರೆ ಆ ಕಡೆ ಹೋಗಬಾರದು ಎಂದು ಊರಿನ ಮಕ್ಕಳಿಗೆ ಅವರು ಹೇಳಿಕೊಟ್ಟಿದ್ದಾರೆ.

ಮಳೆಗಾಲದ ಮೊದಲ ನೀರಿಗೇ ಎಲ್ಲ ಕೊಚ್ಚಿಕೊಂಡು ಹೋಗುತ್ತವೆ. ಮುಂದಿನ ಬೇಸಿಗೆಗೆ ಮತ್ತೆ ಗುಂಡಿ ಹುಡುಕಬೇಕು, ಮತ್ತೆ ನೆಡಬೇಕು. ಬಿದಿರಿನ ಖರ್ಚೂ ಅವರದ್ದೇ, ದುಡಿಮೆಯೂ ಅವರದ್ದೇ. ಭೀಮೆಯ ದಂಡೆಯ ಪ್ರತಿ ಊರಲ್ಲೂ ಹೊಳೆ ಬಲ್ಲ ಅಂಬಿಗರು ಇನ್ನೂ ಇದ್ದಾರೆ. ಪ್ರತಿ ಫೆಬ್ರವರಿಯಲ್ಲಿ, ನೀರು ಇಳಿಯುವ ಹೊತ್ತಿಗೆ, ಪಂಚಾಯಿತಿಗಳು ಅವರಿಗೆ ಕೂಲಿ ಕೊಟ್ಟು ಈ ಕೆಲಸ ಮಾಡಿಸಬೇಕು. ಅದಕ್ಕೆ ಬೇಕಾಗಿರುವುದು ಒಂದು ತೆಪ್ಪ, ನಾಲ್ಕು ಹೊರೆ ಬಿದಿರು ಮತ್ತು ಒಂದಿಷ್ಟು ಕೆಂಪು ಬಟ್ಟೆ.